ಅಗ್ಗದ ಅಲಗಿನ ಬೆಲೆ: ತುಳುನಾಡಿನ ಕಿರುಗತ್ತಿಗಳ ಚರಿತ್ರೆ

ಮಂಗಳೂರು ನಗರದ ಪೂರ್ವ ಭಾಗದಲ್ಲಿ ನಂತೂರಿಗೂ ಕುಲಶೇಖರಕ್ಕೂ ನಡುವೆ ಇರುವ ಬಿಕರ್ನಕಟ್ಟೆಯು, ಮೂಡುಬಿದಿರೆ ಮತ್ತು ಕಾರ್ಕಳಗಳನ್ನು ಹಾದು ಘಟ್ಟದ ಕಡೆಗೆ ಸಾಗುವ ದಾರಿಯ, ಅಂದರೆ ಇಂದಿನ 169ನೆಯ ರಾಷ್ಟ್ರೀಯ ಹೆದ್ದಾರಿಯ, ಆರಂಭದಲ್ಲಿ ಸಿಗುವ ಊರು. ಅದರ ಪಡುವಣಕ್ಕೆ ಹಡಗಿನ ಸರಕು ಇಳಿಯುತ್ತಿದ್ದ ಬಂದರು, ಮೂಡಣಕ್ಕೆ ಭತ್ತದ ಗದ್ದೆ ಮತ್ತು ಅಡಿಕೆ ತೋಟಗಳ ಸೀಮೆ. ಇಂಥ ದಾರಿಗಳಲ್ಲಿ ಎರಡು ಬಗೆಯ ಅಲಗುಗಳು ಒಂದಕ್ಕೊಂದು ಎದುರಾದವು: ಊರಿನ ಆಚಾರಿಯು ಕುಲುಮೆಯಲ್ಲಿ ಬಡಿದು ಕೊಡುತ್ತಿದ್ದ ಕತ್ತಿ ಮತ್ತು ದೂರದ ಕಾರ್ಖಾನೆಯಿಂದ ಹಡಗೇರಿ ಬಂದ ಮಡಚುವ ಚೂರಿ. ಎರಡೂ ಅಗ್ಗದ ವಸ್ತುಗಳೇ, ಎರಡೂ ಸಾಮಾನ್ಯ ಜನರ ಸೊಂಟ, ಎಲೆಅಡಿಕೆಯ ಚೀಲ ಅಥವಾ ಅಂಗಿಯ ಕಿಸೆಯಲ್ಲಿ ಇರುತ್ತಿದ್ದವು. ಆದರೆ ಅವುಗಳ ಗುಣವನ್ನು ಅಳೆಯುವ ಕ್ರಮ ಬೇರೆ ಬೇರೆಯಾಗಿತ್ತು. ಆ ಎರಡು ಕ್ರಮಗಳನ್ನು ಜೊತೆಯಾಗಿಟ್ಟು ನೋಡಿದಾಗ, ಅಗ್ಗವೆಂಬುದೂ ಕಳಪೆಯೆಂಬುದೂ ಒಂದೇ ಅಲ್ಲವೆಂದೂ, ಒಂದು ಅಲಗಿನ ನಿಜವಾದ ಬೆಲೆಯು ಕೊಂಡ ದಿನಕ್ಕಿಂತ ಹೆಚ್ಚಾಗಿ ಅದು ಸವೆಯುವ ವರ್ಷಗಳಲ್ಲಿ ತಿಳಿಯುತ್ತದೆಂದೂ ಕಾಣುತ್ತದೆ.

ಮೊದಲು ಹೆಸರುಗಳನ್ನು ಗಮನಿಸಬೇಕು. ತುಳುವಿನಲ್ಲಿ ಸಣ್ಣ ಕತ್ತಿಗೆ ಬೀಸತ್ತಿ ಎನ್ನುತ್ತಾರೆ, ಹವ್ಯಕರ ಆಡುಮಾತಿನಲ್ಲಿ ಪೀಶಕತ್ತಿ ಎಂಬ ರೂಪವಿದೆ, ಕೊಡಗಿನಲ್ಲಿ ಅದು ಪೀಚೆಕತ್ತಿ, ಮಲಯಾಳದಲ್ಲಿ ಪಿಚ್ಚಾತ್ತಿ. ಒಂದೇ ಕುಟುಂಬಕ್ಕೆ ಸೇರಿದಂತೆ ತೋರುವ ಈ ಪದಗಳು ಪಶ್ಚಿಮ ಘಟ್ಟದ ಎರಡೂ ಮಗ್ಗುಲಲ್ಲಿ ಕಿರುಗತ್ತಿಯ ಬಳಕೆ ಎಷ್ಟು ವ್ಯಾಪಕವಾಗಿತ್ತೆಂಬುದನ್ನು ಹೇಳುತ್ತವೆ. ಬಯಲುಸೀಮೆಯಲ್ಲಿ ಹೆಚ್ಚು ಬಳಕೆಯಲ್ಲಿರುವ ಚಾಕು ಎಂಬುದು ಪಾರಸಿಯ ಮೂಲಕ ಬಂದ ಪದ, ಚೂರಿ ಎಂಬುದು ಸಂಸ್ಕೃತದ ಕ್ಷುರಿಕಾ ಪದಕ್ಕೆ ಸಂಬಂಧಿಸಿದ್ದು. 1956ರ ವರೆಗೆ ದಕ್ಷಿಣ ಕನ್ನಡದೊಂದಿಗೇ ಇದ್ದ ಕಾಸರಗೋಡಿನ ಮಲಯಾಳ ಮಾತಿನಲ್ಲಿ ಕೇಳುವ ಪೇನಾಕತ್ತಿ ಎಂಬ ಪದದಲ್ಲಂತೂ ಲೇಖನಿಯನ್ನು ಸೂಚಿಸುವ ಪೋರ್ಚುಗೀಸ್ ಮೂಲದ ಪೇನಾ ಶಬ್ದವು ದ್ರಾವಿಡದ ಕತ್ತಿಯೊಡನೆ ಬೆಸೆದುಕೊಂಡಿದ್ದು, ಕಿಸೆಯ ಚೂರಿಗೂ ಬರವಣಿಗೆಗೂ ಇದ್ದ ಹಳೆಯ ನಂಟನ್ನು ಅದು ಉಳಿಸಿಕೊಂಡಿದೆ.

ಈ ನಂಟು ಕಾಗದಕ್ಕಿಂತ ಹಳೆಯದು. ಬಿಕರ್ನಕಟ್ಟೆಯ ದಾರಿ ಮುಟ್ಟುವ ಮೂಡುಬಿದಿರೆಯ ಬಸದಿಗಳಲ್ಲಿ ಧವಲಾ ಮೊದಲಾದ ಜೈನ ಸಿದ್ಧಾಂತ ಗ್ರಂಥಗಳ, ಹಳಗನ್ನಡ ಲಿಪಿಯಲ್ಲಿರುವ ತಾಳೆಯೋಲೆಯ ಪ್ರತಿಗಳು ಶತಮಾನಗಳ ಕಾಲ ಕಾಪಾಡಲ್ಪಟ್ಟವು. ತುಳುನಾಡಿನ ಮನೆ ಮತ್ತು ಮಠಗಳಲ್ಲಿ ತಿಗಳಾರಿ ಲಿಪಿಯ ಓಲೆಕಟ್ಟುಗಳು ದೊರೆತಿವೆ. ಓಲೆಯನ್ನು ಅಳತೆಗೆ ಸರಿಯಾಗಿ ಕತ್ತರಿಸಲು, ನಡುವಿನ ಗರಿಕಡ್ಡಿಯನ್ನು ಬಿಡಿಸಲು, ಅಂಚನ್ನು ನೇರಮಾಡಲು ಹರಿತವಾದ ಕಿರುಗತ್ತಿ ಬೇಕು; ಅಕ್ಷರ ಕೊರೆಯಲು ಕಂಠ, ಅಂದರೆ ಮೊನೆಯುಳ್ಳ ಕಬ್ಬಿಣದ ಲೇಖನಿ ಬೇಕು. ದಕ್ಷಿಣ ಭಾರತದ ಲಿಪಿಕಾರರ ಬಳಿ ಇವೆರಡನ್ನೂ ಒಂದೇ ಹಿಡಿಯೊಳಗೆ ಮಡಚಿಡುವ ಉಪಕರಣವಿತ್ತು: ಒಂದು ತುದಿಯಿಂದ ಬೆರಳುದ್ದದ ಅಲಗು ಹೊರಬರುತ್ತದೆ, ಇನ್ನೊಂದು ತುದಿಯಿಂದ ಕಂಠ, ಕೆಲಸ ಮುಗಿದ ಮೇಲೆ ಎರಡೂ ಹಿಡಿಯ ಸೀಳಿನೊಳಗೆ ಮಲಗುತ್ತವೆ. ಮಡಚುವ ಚೂರಿಯೆಂಬ ಕಲ್ಪನೆಯೇ ಯೂರೋಪಿನಿಂದ ಬಂದದ್ದೆಂದು ಭಾವಿಸುವವರಿಗೆ ಈ ಉಪಕರಣವೊಂದೇ ಸಾಕಷ್ಟು ಉತ್ತರವಾಗಿದೆ.

ಅಲಗಿನ ಗುಣವನ್ನು ನಿರ್ಧರಿಸುವ ಮೊದಲ ಅಂಶ ಲೋಹ. ಶುದ್ಧವಾದ ಮೆದು ಕಬ್ಬಿಣವನ್ನು ಎಷ್ಟು ಕಾಯಿಸಿ ನೀರಿಗೆ ಅದ್ದಿದರೂ ಅದು ಗಡುಸಾಗದು. ಅದರಲ್ಲಿ ಶೇಕಡಾ 0.6ರಿಂದ 1ರಷ್ಟು ಇಂಗಾಲ ಸೇರಿದಾಗ ಮಾತ್ರ ಕತ್ತಿಗೆ ತಕ್ಕ ಉಕ್ಕಾಗುತ್ತದೆ. ಈ ಜ್ಞಾನವು ಕರ್ನಾಟಕದಲ್ಲಿ ಬಹು ಹಿಂದಿನಿಂದಲೂ ಇತ್ತು. 1800 ಮತ್ತು 1801ರಲ್ಲಿ ಮೈಸೂರು, ಕನ್ನಡ ಜಿಲ್ಲೆ ಮತ್ತು ಮಲಬಾರುಗಳಲ್ಲಿ ಸಂಚರಿಸಿ 1807ರಲ್ಲಿ ತನ್ನ ಪ್ರವಾಸ ಕಥನವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್, ಮಾಗಡಿಯ ಸುತ್ತಿನಲ್ಲಿ ಕಬ್ಬಿಣ ಮತ್ತು ಉಕ್ಕು ತಯಾರಿಸುವುದನ್ನೂ, ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಉಕ್ಕಿನ ತಂತಿ ಎಳೆಯುವುದನ್ನೂ ವಿವರವಾಗಿ ಬರೆದಿದ್ದಾನೆ. ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿ ಮತ್ತು ಹಸಿರೆಲೆಗಳೊಡನೆ ಮಣ್ಣಿನ ಮೂಸೆಯಲ್ಲಿ ಮುಚ್ಚಿ ಗಂಟೆಗಟ್ಟಲೆ ಕಾಯಿಸುವುದು ದಕ್ಷಿಣದ ಕ್ರಮವಾಗಿತ್ತು. ಕಡ್ಡಿಯ ಇಂಗಾಲ ಕಬ್ಬಿಣದೊಳಗೆ ಸೇರಿ ಉಕ್ಕಿನ ಉಂಡೆ ಸಿದ್ಧವಾಗುತ್ತಿತ್ತು. ಯೂರೋಪಿನಲ್ಲಿ ಇದು ವೂಟ್ಜ್ ಎಂದು ಹೆಸರಾಯಿತು, ಆ ಹೆಸರು ಕನ್ನಡದ ಉಕ್ಕು ಎಂಬ ಪದದ ಅಪಭ್ರಂಶವೆಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ.

ಕಿಸೆಚೂರಿಯ ಚರಿತ್ರೆಯಲ್ಲಿ ಈ ಉಕ್ಕಿಗೆ ವಿಶೇಷವಾದ ಸ್ಥಾನವಿದೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಭಾರತದ ಉಕ್ಕಿನ ಬಗ್ಗೆ ಪ್ರಬಂಧ ಮಂಡಿಸಿದಾಗ ಅದರಲ್ಲಿ ದಾಖಲಾದ ಪ್ರಯೋಗಗಳಲ್ಲಿ ಒಂದು ಪೆನ್ ಚೂರಿಯದೇ ಆಗಿತ್ತು. ಸೊಸೈಟಿಯ ಅಧ್ಯಕ್ಷರ ಕೋರಿಕೆಯಂತೆ ಜೇಮ್ಸ್ ಸ್ಟೊಡಾರ್ಟ್ ಎಂಬ ಕುಶಲಕರ್ಮಿ ಒಂದು ತುಂಡು ವೂಟ್ಜನ್ನು ಬಡಿದು ಲೇಖನಿ ಹೆರೆಯುವ ಸಣ್ಣ ಚೂರಿಯನ್ನು ಮಾಡಿದನು. ಬಡಿಯುವುದು ಕಷ್ಟವಾದರೂ ಅದರ ಬಾಯಿ ಅತ್ಯುತ್ತಮ ಉಕ್ಕಿನ ಚೂರಿಗೆ ಸಮನಾಗಿತ್ತೆಂದೂ, ಹಲವು ಕೆಲಸಗಳಿಗೆ ಈ ಉಕ್ಕು ಇಂಗ್ಲೆಂಡಿನದಕ್ಕಿಂತ ಮೇಲೆಂದೂ ಅವನು ಅಭಿಪ್ರಾಯಪಟ್ಟನು. ದೊಡ್ಡ ಖಡ್ಗವನ್ನು ಬಿಟ್ಟು ಬೆರಳುದ್ದದ ಅಲಗನ್ನು ಪರೀಕ್ಷೆಗೆ ಆರಿಸಿದ್ದರಲ್ಲಿ ಅರ್ಥವಿದೆ: ಹಕ್ಕಿಯ ಗರಿಯನ್ನು ಹರಿಯದೆ ಹೆರೆಯಬಲ್ಲ ಚೂರಿಯು ಉಕ್ಕಿನ ಯಾವ ದೋಷವನ್ನೂ ಮುಚ್ಚಿಡಲಾರದು.

ಹತ್ತೊಂಬತ್ತನೆಯ ಶತಮಾನದಲ್ಲಿ ಸರಕಿನ ಹರಿವು ತಿರುಗಿತು. ಇಂಗ್ಲೆಂಡಿನ ಶೆಫೀಲ್ಡ್ ಮತ್ತು ಜರ್ಮನಿಯ ಜೋಲಿಂಗನ್ ಪಟ್ಟಣಗಳ ಚೂರಿಗಳು ಭಾರತದ ಮಾರುಕಟ್ಟೆಗಳಿಗೆ ಬಂದವು. ಇವುಗಳಲ್ಲಿ ಜೋಸೆಫ್ ರಾಜರ್ಸ್ ಸಂಸ್ಥೆಯ ನಕ್ಷತ್ರ ಮತ್ತು ಮಾಲ್ಟಾ ಶಿಲುಬೆಯ ಮುದ್ರೆಗೆ ಇದ್ದ ಮಾನ್ಯತೆ ಎಷ್ಟೆಂದರೆ, ಅದರ ನಕಲುಗಳೂ ಹೇರಳವಾಗಿ ಹುಟ್ಟಿಕೊಂಡವು. ಇಂಥ ವಂಚನೆಗಳ ವಿರುದ್ಧ ಬ್ರಿಟನ್ನಿನಲ್ಲಿ 1887ರಲ್ಲಿ ಸರಕುಮುದ್ರೆಗಳ ಕಾಯ್ದೆಯೂ, ಭಾರತದಲ್ಲಿ 1889ರಲ್ಲಿ ಅದೇ ಬಗೆಯ ಕಾಯ್ದೆಯೂ ಬಂದವು. ಇದರೊಡನೆ ಮೌಲ್ಯಮಾಪನದ ಒಂದು ಹೊಸ ಕ್ರಮ ನೆಲೆಯೂರಿತು: ಆಚಾರಿಯ ಮುಖ ನೋಡಿ ಕತ್ತಿ ಕೊಳ್ಳುತ್ತಿದ್ದವನು ಈಗ ಅಲಗಿನ ಬುಡದಲ್ಲಿರುವ ಮುದ್ರೆಯನ್ನು ನೋಡತೊಡಗಿದನು. ಅದೇ ಕಾಲದಲ್ಲಿ ಮಂಗಳೂರಿನಲ್ಲಿ ಯಂತ್ರಗಳ ಕಾರ್ಯಾಗಾರವೂ ಬೆಳೆಯಿತು. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಷನ್ ಮುದ್ರಣ, ನೇಯ್ಗೆ ಮತ್ತು 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆಗಳ ಬಳಿಕ 1874ರಲ್ಲಿ ಯಾಂತ್ರಿಕ ಕಾರ್ಯಾಗಾರವನ್ನೂ ತೆರೆದು, ಕಬ್ಬಿಣದ ಕೆಲಸವನ್ನು ಅಳತೆ ಮತ್ತು ನಕ್ಷೆಗಳ ಶಿಸ್ತಿಗೆ ಒಳಪಡಿಸಿತು. 1907ರಲ್ಲಿ ರೈಲು ಬಂದ ಮೇಲೆ ಹೊರಗಿನ ಸರಕು ಇನ್ನೂ ಸುಲಭವಾಯಿತು.

ಮುದ್ರೆಯಿಲ್ಲದ ಊರಿನ ಕತ್ತಿಯನ್ನು ಅಳೆಯುವ ಬಗೆ ಬೇರೆ. ಉಕ್ಕು ದುಬಾರಿಯಾಗಿದ್ದ ಕಾಲದಲ್ಲಿ ಆಚಾರಿಯು ಇಡೀ ಅಲಗನ್ನು ಉಕ್ಕಿನಲ್ಲಿ ಮಾಡದೆ, ಮೆದು ಕಬ್ಬಿಣದ ಮೈಗೆ ಬಾಯಿಯ ಉದ್ದಕ್ಕೂ ಉಕ್ಕಿನ ತೆಳುವಾದ ಪಟ್ಟಿಯನ್ನು ಕಾಯಿಸಿ ಬೆಸೆಯುತ್ತಿದ್ದನು. ಇದನ್ನು ಬಾಯಿಗೆ ಉಕ್ಕು ಹಾಕುವುದೆನ್ನುತ್ತಾರೆ. ಇಂಥ ಅಲಗನ್ನು ಮಸೆದು ಬೆಳಕಿಗೆ ಓರೆಯಾಗಿ ಹಿಡಿದರೆ, ಬಾಯಿಗೆ ಸಮಾನಾಂತರವಾಗಿ ನೂಲಿನಷ್ಟು ಸಣ್ಣ ಗೆರೆಯೊಂದು ಕಾಣುತ್ತದೆ: ಗೆರೆಯ ಮೇಲಿನದು ಮಂಕಾದ ಬೂದು ಬಣ್ಣದ ಕಬ್ಬಿಣ, ಕೆಳಗಿನದು ಹೊಳೆಯುವ ಉಕ್ಕು. ಗೆರೆಯು ಬಿರುಕಿಲ್ಲದೆ ಮೊನೆಯ ವರೆಗೆ ಸಾಗಿದ್ದರೆ ಬೆಸುಗೆ ಸರಿಯಾಗಿದೆ. ನಡುವೆ ಕಪ್ಪು ಚುಕ್ಕೆಗಳು ಕಂಡರೆ ಬೆಸೆಯುವಾಗ ಕಿಟ್ಟ ಒಳಗೆ ಸಿಕ್ಕಿಕೊಂಡಿದೆ, ಅಂಥ ಬಾಯಿ ಒಂದಲ್ಲ ಒಂದು ದಿನ ಎದ್ದುಬರುತ್ತದೆ.

ಲೋಹದ ಬಳಿಕ ಬರುವುದು ಹದ. ಅಲಗನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ, ಅಂದರೆ ಹಣ್ಣಾದ ಗೇರಿನ ಕೆಂಪಿಗೆ ಕಾಯಿಸಿ ಅದ್ದಿದಾಗ ಉಕ್ಕು ಗಾಜಿನಂತೆ ಗಡುಸಾಗುತ್ತದೆ, ಆದರೆ ಅಷ್ಟೇ ಸುಲಭವಾಗಿ ಮುರಿಯುತ್ತದೆ. ಆದ್ದರಿಂದ ಅದರ ಮೈಯನ್ನು ತುಸು ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ಮೆಲ್ಲನೆ ಕಾಯಿಸುತ್ತಾರೆ. ಆಗ ಬೆನ್ನಿನಿಂದ ಬಾಯಿಯ ಕಡೆಗೆ ಬಣ್ಣಗಳು ಹರಿಯುತ್ತವೆ, ಸುಮಾರು 220 ಡಿಗ್ರಿಯಲ್ಲಿ ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, 300 ಡಿಗ್ರಿಯ ಹತ್ತಿರ ನೀಲಿ. ಕೊಯ್ಯುವ ಬಾಯಿಗೆ ಹಳದಿಯ ಹದ ಬೇಕು, ಪೆಟ್ಟು ತಡೆಯಬೇಕಾದ ಬೆನ್ನಿಗೆ ನೀಲಿಯ ಹದ ಸಾಕು. ಉಷ್ಣಮಾಪಕವಿಲ್ಲದ ಕುಲುಮೆ ಮಬ್ಬಾಗಿರುವುದಕ್ಕೆ ಒಂದು ಕಾರಣ ಇದು: ಬಿಸಿಲಿನಲ್ಲಿ ಕೆಂಡದ ಬಣ್ಣ ಮೋಸ ಮಾಡುತ್ತದೆ. ಒಂದು ಕ್ಷಣ ತಡವಾದರೆ ಬಾಯಿ ಮೆದುವಾಗುತ್ತದೆ, ಆ ತಪ್ಪನ್ನು ಯಾವ ಮಸೆಗಲ್ಲೂ ತಿದ್ದಲಾರದು.

ಕೊಳ್ಳುವವನು ಈ ಕ್ಷಣವನ್ನು ಕಂಡಿರುವುದಿಲ್ಲ, ಆದರೆ ಅದರ ಫಲವನ್ನು ಪರೀಕ್ಷಿಸಬಲ್ಲನು. ಅರವನ್ನು ಬಾಯಿಯ ಮೇಲೆ ಹಗುರವಾಗಿ ಎಳೆದಾಗ ಅದು ಆಳವಾಗಿ ಕಚ್ಚಿದರೆ ಅಲಗು ಮೆದು, ಪೂರ್ತಿ ಜಾರಿದರೆ ಅತಿ ಗಡುಸು, ಕಷ್ಟದಿಂದ ತುಸುವೇ ಕಚ್ಚಿದರೆ ಹದ ಸರಿ. ಸಾಣೆಗೆ ಹಿಡಿದಾಗ ಕಿಡಿಗಳು ಕವಲೊಡೆದು ಹೂವಿನಂತೆ ಚೆದುರಿದರೆ ಇಂಗಾಲ ಹೆಚ್ಚಿದೆ, ಕವಲಿಲ್ಲದೆ ಉದ್ದುದ್ದ ಗೆರೆಗಳಾಗಿ ಹಾರಿದರೆ ಅದು ಬರಿಯ ಕಬ್ಬಿಣ. ಕರಾವಳಿಯಲ್ಲಿ ಇನ್ನೊಂದು ಪರೀಕ್ಷೆ ಅಡಿಕೆಯದು. ಒಣ ಅಡಿಕೆಯನ್ನು ಹೋಳು ಮಾಡುವಾಗ ಬಾಯಿ ಮಡಿಯಲೂ ಬಾರದು, ಚಕ್ಕೆಯೇಳಲೂ ಬಾರದು. ಹಸಿ ಅಡಿಕೆಯನ್ನು ಕೊಯ್ದಾಗ ಅದರ ಒಗರಿನ ಅಂಶ ಕಬ್ಬಿಣದೊಡನೆ ಸೇರಿ ಅಲಗಿನ ಮೇಲೆ ನೀಲಿಗಪ್ಪು ಕಲೆ ಮೂಡುತ್ತದೆ. ಬಾಳೆಯ ದಿಂಡು, ಎಳೆಯ ಹಲಸಿನ ಗುಜ್ಜೆ, ಮಾವಿನಮಿಡಿಗಳಿಂದಲೂ ಇಂಥದೇ ಕಲೆ ಬರುತ್ತದೆ. ಅದನ್ನು ದೋಷವೆಂದು ತಿಳಿಯಬೇಕಿಲ್ಲ. ಅಲಗು ತುಕ್ಕುನಿರೋಧಕ ಲೋಹದ್ದಲ್ಲ, ಮಸೆದರೆ ಹರಿತವಾಗುವ ಸಾದಾ ಉಕ್ಕಿನದೆಂಬುದಕ್ಕೆ ಅದು ಗುರುತು, ಮೇಲಾಗಿ ಆ ಕಪ್ಪು ಪದರವು ಕೆಂಪು ತುಕ್ಕನ್ನು ತಕ್ಕಮಟ್ಟಿಗೆ ತಡೆಯುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ, ಉಪ್ಪುಗಾಳಿಯ ಈ ನಾಡಿನಲ್ಲಿ ಅದರ ಜೊತೆಗೆ ತೆಂಗಿನೆಣ್ಣೆಯ ಒಂದು ಸವರು ಸಾಕಾಗುತ್ತಿತ್ತು.

ಮಡಚುವ ಚೂರಿಗೆ ಇವುಗಳ ಜೊತೆ ಕೀಲಿನ ಪರೀಕ್ಷೆಯೂ ಇದೆ. ಅತ್ಯಂತ ಅಗ್ಗದ ಬಗೆಯಲ್ಲಿ ಅಲಗು ಎರಡು ಮರದ ಹಲ್ಲೆಗಳ ನಡುವೆ ಒಂದೇ ಮೊಳೆಯ ಮೇಲೆ ತಿರುಗುತ್ತದೆ, ಅದನ್ನು ಬಿಗಿಯಾಗಿ ನಿಲ್ಲಿಸುವುದು ಘರ್ಷಣೆ ಮಾತ್ರ. ಶೆಫೀಲ್ಡ್ ಬಗೆಯಲ್ಲಿ ಹಿಡಿಯ ಬೆನ್ನಿನಲ್ಲಿ ಉಕ್ಕಿನ ಸ್ಪ್ರಿಂಗ್ ಪಟ್ಟಿಯೊಂದಿದ್ದು ಅಲಗನ್ನು ತೆರೆದಾಗಲೂ ಮುಚ್ಚಿದಾಗಲೂ ಒತ್ತಿಹಿಡಿಯುತ್ತದೆ. ಎರಡನೆಯದು ಮೇಲ್ನೋಟಕ್ಕೆ ಉತ್ತಮ, ಆದರೆ ಸ್ಪ್ರಿಂಗ್ ಸಡಿಲವಾದರೆ ಊರಿನಲ್ಲಿ ಅದನ್ನು ಸರಿಪಡಿಸುವುದು ಕಷ್ಟ. ಮೊದಲನೆಯದರ ಮೊಳೆಗೆ ಸುತ್ತಿಗೆಯ ಎರಡು ಏಟು ಬಿದ್ದರೆ ಮತ್ತೆ ಬಿಗಿಯಾಗುತ್ತದೆ. ಪೂರ್ತಿ ತೆರೆದ ಅಲಗು ಅಕ್ಕಪಕ್ಕಕ್ಕೆ ಅಲುಗಾಡಬಾರದು, ಮುಚ್ಚಿದಾಗ ಅದರ ಬಾಯಿ ಹಿಡಿಯ ಒಳಗೋಡೆಗೆ ತಗುಲಬಾರದು. ಈ ಎರಡು ಅಂಶಗಳು ಸರಿಯಿದ್ದರೆ ಹಿಡಿಯ ಮೇಲಿನ ಹೊಳಪು ಕಡಿಮೆಯಾದರೂ ನಷ್ಟವಿಲ್ಲ.

ಇಲ್ಲಿಯೇ ಬೆಲೆಯ ಪ್ರಶ್ನೆ ಸ್ಪಷ್ಟವಾಗುತ್ತದೆ. ಕೊಡವರ ಪೀಚೆಕತ್ತಿಯ ಮೌಲ್ಯವು ಬೆಳ್ಳಿಯ ಕೆಲಸದಲ್ಲಿ, ಚೇಲೆಗೆ, ಅಂದರೆ ನಡುವಿಗೆ ಸುತ್ತುವ ವಸ್ತ್ರಕ್ಕೆ ಸಿಕ್ಕಿಸುವ ಮರ್ಯಾದೆಯಲ್ಲಿ, ಮನೆತನದ ನೆನಪಿನಲ್ಲಿ ಇದೆ. ಅದು ಕೆಡದಂತೆ ಕಾಪಾಡುವ ಆಸ್ತಿ. ಸಾಮಾನ್ಯನ ಬೀಸತ್ತಿಯಾದರೋ ಸವೆಯುವುದಕ್ಕಾಗಿಯೇ ಇರುವ ವಸ್ತು. ಕರ್ನಾಟಕದ ಹಳ್ಳಿಗಳ ಆಯದ ಪದ್ಧತಿಯಲ್ಲಿ ಕಮ್ಮಾರನಿಗೆ ಪ್ರತಿ ಕೆಲಸಕ್ಕೂ ಹಣ ಕೊಡುತ್ತಿರಲಿಲ್ಲ, ಸುಗ್ಗಿಯಲ್ಲಿ ಧಾನ್ಯದ ಪಾಲು ಸಲ್ಲುತ್ತಿತ್ತು. ಅಂಥ ವ್ಯವಸ್ಥೆಯಲ್ಲಿ ಕಳಪೆ ಕತ್ತಿ ಮಾಡಿದರೆ ಅದನ್ನು ಮತ್ತೆ ಮತ್ತೆ ಸರಿಪಡಿಸುವ ಹೊರೆ ಮಾಡಿದವನ ಮೇಲೆಯೇ ಬೀಳುತ್ತಿತ್ತು, ಆದ್ದರಿಂದ ಗುಣಮಟ್ಟಕ್ಕೆ ಮುದ್ರೆಯ ಬದಲು ಸಂಬಂಧವೇ ಹೊಣೆಯಾಗಿತ್ತು. ಬಾಯಿಯ ಉಕ್ಕು ಸವೆದಾಗ ಹೊಸ ಉಕ್ಕು ಹಾಕಿಸುವುದು, ಹಿಡಿ ಸೀಳಿದಾಗ ಬೇರೆ ಹಿಡಿ ಕೂರಿಸುವುದು, ಉದ್ದದ ಕತ್ತಿ ಮುರಿದರೆ ಅದನ್ನೇ ಕಿರಿದಾಗಿ ತಿದ್ದಿಸುವುದು, ಇವೆಲ್ಲ ಅಗ್ಗದ ಅಲಗಿನ ಆಯುಷ್ಯವನ್ನು ಹೆಚ್ಚಿಸುವ ಕ್ರಮಗಳಾಗಿದ್ದವು.

1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ರೂಪಿಸಿದ ತುಕ್ಕುನಿರೋಧಕ ಉಕ್ಕು, ಅಂದರೆ ಸ್ಟೇನ್‌ಲೆಸ್ ಸ್ಟೀಲ್, ಕಾಲಕ್ರಮೇಣ ಅಡುಗೆಮನೆಗೂ ಕಿಸೆಗೂ ಬಂದಾಗ ಈ ಕ್ರಮ ಸಡಿಲವಾಯಿತು. ಹೊಳೆಯುವ, ಕಲೆಯಾಗದ ಅಲಗು ಮಳೆನಾಡಿಗೆ ನಿಜವಾಗಿಯೂ ಉಪಕಾರಿ, ಆದರೆ ಅದರ ಅಗ್ಗದ ಬಗೆಗಳಲ್ಲಿ ಲೋಹ ಮೆದುವಾಗಿದ್ದು ಬಾಯಿ ಬೇಗನೆ ಮಡಿಯುತ್ತದೆ, ಮತ್ತೆ ಹದ ಕೊಡಿಸುವ ಸಾಧ್ಯತೆ ಊರಿನ ಕುಲುಮೆಯಲ್ಲಿಲ್ಲ. ಇತ್ತ ಉಳಿದಿರುವ ಆಚಾರಿಗಳಿಗೆ ಲಾರಿಯ ಹಳೆಯ ಪಟ್ಟೆಗಳು, ಅಂದರೆ ಚಕ್ರದ ಮೇಲಿನ ಭಾರ ಹೊರುವ ಸ್ಪ್ರಿಂಗ್ ಹಲಗೆಗಳು, ಉಕ್ಕಿನ ಮುಖ್ಯ ಮೂಲವಾಗಿವೆ. ಸುಮಾರು ಶೇಕಡಾ 0.6ರಷ್ಟು ಇಂಗಾಲವಿರುವ ಈ ಉಕ್ಕು ಕತ್ತಿಗೆ ಚೆನ್ನಾಗಿಯೇ ಒದಗುತ್ತದೆ. ಘಟ್ಟದ ದಾರಿಯಲ್ಲಿ ಸರಕು ಹೊತ್ತು ಸವೆದ ಲೋಹವೇ ಜಾತ್ರೆಯ ಮತ್ತು ಸಂತೆಯ ನೆಲದ ಮೇಲೆ ಹರಡಿಟ್ಟ ಕತ್ತಿಯಾಗಿ ಮರಳುವುದು ಈ ಕಸುಬಿನ ಬಾಳಿಕೆಗೆ ಸಾಕ್ಷಿ.

ಬೆಳ್ಳಿಯ ಒರೆಯ ಕತ್ತಿಗಳು ವಸ್ತುಸಂಗ್ರಹಾಲಯಗಳನ್ನು ಸೇರಿವೆ. ಮಸೆದು ಮಸೆದು ಬೆರಳಿನಷ್ಟು ಕಿರಿದಾದ ಬೀಸತ್ತಿಗಳು ಮಾತ್ರ ಗುಜರಿಯ ರಾಶಿಗೆ ಬಿದ್ದು ಕರಗಿ ಹೋಗುತ್ತವೆ. ಆದರೆ ಅಗಲದಲ್ಲಿ ಅರ್ಧ ಕಳೆದುಕೊಂಡರೂ ಇನ್ನೂ ನೇರವಾಗಿ ಉಳಿದ ಅಲಗು, ಅದನ್ನು ಮಾಡಿದವನ ಕಣ್ಣು ಹದದ ಬಣ್ಣವನ್ನು ತಪ್ಪಿಸಿಕೊಳ್ಳಲಿಲ್ಲವೆಂಬುದನ್ನೂ, ಬಳಸಿದವನು ಅದನ್ನು ಬಿಸಾಡಲು ಒಪ್ಪಲಿಲ್ಲವೆಂಬುದನ್ನೂ ಒಟ್ಟಿಗೆ ತೋರಿಸುತ್ತದೆ. ಅಗ್ಗದ ಕಿರುಗತ್ತಿಯ ಮೌಲ್ಯವನ್ನು ನಿರ್ಧರಿಸುವವರು ಮೊದಲು ಕೇಳಬೇಕಾದದ್ದು ಅದು ಎಷ್ಟಕ್ಕೆ ಬಂತೆಂದಲ್ಲ, ಎಷ್ಟು ಸವೆದ ಮೇಲೂ ಕೊಯ್ಯುತ್ತದೆ ಎಂದು.