ಸುಂಕದವನು ಸುಖ ವಿಚಾರಿಸಿದ ಕಥೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಕನ್ನಡಿಗರಿಗೆಲ್ಲ ಗೊತ್ತಿರುವಂಥದೇ. ಎತ್ತು ಕುಂಟುತ್ತಿದ್ದರೇನು, ಮನೆಯಲ್ಲಿ ಮಗು ಮಲಗಿದ್ದರೇನು, ಕಟ್ಟೆಯ ಮೇಲೆ ಕುಳಿತವನಿಗೆ ಬೇಕಾದದ್ದು ಹೇರೆಷ್ಟು, ಹಣವೆಷ್ಟು ಎಂಬ ಎರಡೇ ಲೆಕ್ಕ. ನಮ್ಮ ನಾಡಿನ ಹಳೆಯ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಅಡಕೆ, ಮೆಣಸು, ಎಲೆಗಳಿಗೆ ಹೇರಿನ ಲೆಕ್ಕದಲ್ಲಿ ಸುಂಕ ಕಟ್ಟಿದ್ದೂ ಕಾಣುತ್ತದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನೆಂಬವನು ಇದ್ದ. ಅವನೊಬ್ಬನನ್ನು ಬಿಟ್ಟರೆ ಸುಂಕದವನ ವಿಷಯದಲ್ಲಿ ಒಳ್ಳೆಯ ಮಾತು ನಮ್ಮ ಜನರ ಬಾಯಲ್ಲಿ ಬಂದದ್ದು ಕಡಿಮೆ.

ನಾವು ಈಗ ಬಾಳುತ್ತಿರುವ ಈ ಅಮೆರಿಕದಲ್ಲಿ ಗಾದೆಯನ್ನು ತಲೆಕೆಳಗು ಮಾಡುವ ಸುಂಕವೊಂದಿದೆ. ಇಲ್ಲಿ ಸುಂಕದವನು ಕೇಳುವ ಮುಖ್ಯ ಪ್ರಶ್ನೆಯೇ 'ನೀವು ಹೊರಟದ್ದು ಸುಖಕ್ಕೋ, ವ್ಯಾಪಾರಕ್ಕೋ' ಎಂಬುದು. ಸುಖಕ್ಕೆ ಎಂದರೆ ಬಿಡುತ್ತಾನೆ. ನಮ್ಮ ಕೂಟದ ಹಿರಿಯರಲ್ಲಿ ಕೆಲವರು ನಿವೃತ್ತರಾದ ಮೇಲೆ ದೊಡ್ಡ ಮೋಟಾರು ಮನೆಯೊಂದನ್ನು ಕೊಂಡು ದೇಶ ಸುತ್ತುವ ಯೋಚನೆಯಲ್ಲಿದ್ದಾರೆ. ನಲವತ್ತು, ನಲವತ್ತೈದು ಅಡಿ ಉದ್ದದ, ಒಳಗೆ ಅಡಿಗೆಮನೆ, ಮಲಗುವ ಕೋಣೆ, ಬಚ್ಚಲು ಎಲ್ಲವೂ ಇರುವ, ಡೀಸೆಲ್ ಕುಡಿಯುವ ಗಾಡಿ ಅದು. ತೂಕದಲ್ಲಿ ಲಾರಿಗೆ ಸಮ. ಹಾಗಾದರೆ ಲಾರಿಯವನಂತೆ ರಾಜ್ಯ ರಾಜ್ಯಕ್ಕೂ ಇಂಧನದ ಲೆಕ್ಕ ಒಪ್ಪಿಸಬೇಕೆ ಎಂಬುದು ಅವರು ಕೇಳುವ ಪ್ರಶ್ನೆ. ಬೇಡ ಎಂಬುದು ಉತ್ತರ. ಆದರೆ ಆ 'ಬೇಡ' ಎಲ್ಲಿಂದ ಬಂತು, ಎಲ್ಲಿಗೆ ನಿಲ್ಲುತ್ತದೆ ಎಂಬುದು ಸ್ವಾರಸ್ಯವಾದ ಚರಿತ್ರೆ.

ಪೆಟ್ರೋಲಿನ ಮೇಲೆ ಮೊದಲು ತೆರಿಗೆ ಹಾಕಿದ ರಾಜ್ಯ ಆರೆಗಾನ್. 1919ರ ಫೆಬ್ರವರಿಯಲ್ಲಿ, ಗ್ಯಾಲನ್ನಿಗೆ ಒಂದು ಸೆಂಟು. ರಸ್ತೆಯನ್ನು ಯಾರು ಹೆಚ್ಚು ಸವೆಸುತ್ತಾರೋ ಅವರು ಹೆಚ್ಚು ಇಂಧನ ಸುಡುತ್ತಾರೆ. ಆದ್ದರಿಂದ ಇಂಧನವನ್ನು ಅಳೆದರೆ ರಸ್ತೆಯ ಬಳಕೆಯನ್ನೇ ಅಳೆದಂತೆ. ಇಷ್ಟು ಸರಳವಾದ ಉಪಾಯ ಬೇಗ ಹಬ್ಬಿತು. 1929ರೊಳಗೆ ಆಗಿದ್ದ 48 ರಾಜ್ಯಗಳೂ ಇದನ್ನು ಅನುಸರಿಸಿದ್ದವು. 1932ರಲ್ಲಿ ಕೇಂದ್ರ ಸರ್ಕಾರವೂ ಕೈಯೊಡ್ಡಿ ಇನ್ನೊಂದು ಸೆಂಟು ಸೇರಿಸಿತು. ಅದೇ ತತ್ತ್ವ ಭಾರತಕ್ಕೂ ತಲುಪಿತ್ತು. ಎಂ. ಆರ್. ಜಯಕರ್ ಅವರ ಅಧ್ಯಕ್ಷತೆಯಲ್ಲಿ 1927ರಲ್ಲಿ ನೇಮಕವಾದ ಸಮಿತಿಯ ಸಲಹೆಯಂತೆ 1929ರಲ್ಲಿ ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ ಎರಡಾಣೆ ಹೆಚ್ಚುವರಿ ಸುಂಕ ಹಾಕಿ ಕೇಂದ್ರ ರಸ್ತೆ ನಿಧಿಯನ್ನು ಸ್ಥಾಪಿಸಿದರು.

ಉಪಾಯದಲ್ಲಿ ಒಂದು ತೂತಿತ್ತು. ತೆರಿಗೆ ಬೀಳುವುದು ಇಂಧನ ಕೊಂಡ ಊರಿನಲ್ಲಿ. ರಸ್ತೆ ಸವೆಯುವುದು ಅದನ್ನು ಸುಟ್ಟ ಊರಿನಲ್ಲಿ. ಸಣ್ಣ ಟ್ಯಾಂಕಿನ ಕಾರಿಗೆ ಎರಡೂ ಹೆಚ್ಚು ಕಡಿಮೆ ಒಂದೇ. ದೊಡ್ಡ ಟ್ಯಾಂಕಿನ ಬಸ್ಸು, ಲಾರಿಗಳಿಗೆ ಹಾಗಲ್ಲ. ಅಗ್ಗದ ರಾಜ್ಯದಲ್ಲಿ ಹೊಟ್ಟೆ ತುಂಬಿಸಿಕೊಂಡು ಪಕ್ಕದ ರಾಜ್ಯವನ್ನು ಒಂದು ತೊಟ್ಟೂ ಕೊಳ್ಳದೆ ದಾಟಿಬಿಡಬಹುದು. ರಾಜ್ಯಗಳು ಸುಮ್ಮನಿರಲಿಲ್ಲ. ನ್ಯೂ ಮೆಕ್ಸಿಕೊ ಹೊರಗಿನಿಂದ ಬಸ್ಸಿನ ಟ್ಯಾಂಕಿನಲ್ಲಿ ಬಂದ ಪೆಟ್ರೋಲಿಗೂ ತೆರಿಗೆ ಕೇಳಿತು. 1936ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಹೊಡೆದುಹಾಕಿತು. ಅರ್ಕನ್ಸಾ ರಾಜ್ಯದ್ದು ಇನ್ನೂ ಸೊಗಸಾದ ಪ್ರಕರಣ. ಟ್ಯಾಂಕಿನಲ್ಲಿ 20 ಗ್ಯಾಲನ್ನಿಗಿಂತ ಹೆಚ್ಚು ಇಟ್ಟುಕೊಂಡು ಗಡಿ ದಾಟುವ ವಾಹನ ಹೆಚ್ಚಿನ ಭಾಗಕ್ಕೆ ಅಲ್ಲೇ ತೆರಿಗೆ ಕಟ್ಟಬೇಕೆಂದು ಅದರ ಕಾನೂನು. ಮೆಂಫಿಸ್‌ನಿಂದ ಸೇಂಟ್ ಲೂಯಿಗೆ ಹೋಗುವ ಗ್ರೇಹೌಂಡ್ ಬಸ್ಸು ಅರ್ಕನ್ಸಾದ ಒಂದು ಮೂಲೆಯನ್ನು ಮಾತ್ರ ಹಾಯ್ದುಹೋಗುತ್ತಿತ್ತು. ಮಿಸೌರಿಯಲ್ಲಿ ಸುಡಲಿರುವ ಪೆಟ್ರೋಲಿಗೂ ಅರ್ಕನ್ಸಾದಲ್ಲಿ ದುಡ್ಡು ತೆರಬೇಕಾಗಿ ಬಂತು. 1940ರಲ್ಲಿ ನ್ಯಾಯಾಲಯ ಇದನ್ನೂ ರದ್ದು ಮಾಡಿತು. ಬ್ಲ್ಯಾಕ್, ಫ್ರಾಂಕ್‌ಫರ್ಟರ್, ಡಗ್ಲಸ್ ಎಂಬ ಮೂವರು ನ್ಯಾಯಮೂರ್ತಿಗಳು ಮಾತ್ರ ಭಿನ್ನಮತ ಬರೆದರು. ಇಡೀ ದೇಶಕ್ಕೆ ಸಂಬಂಧಿಸಿದ ಈ ತೊಡಕನ್ನು ಒಂದೊಂದೇ ಮೊಕದ್ದಮೆಯಲ್ಲಿ ಬಿಡಿಸುವುದು ನ್ಯಾಯಾಲಯದ ಕೆಲಸವಲ್ಲ, ಕಾಂಗ್ರೆಸ್ ನೋಡಿಕೊಳ್ಳಬೇಕು ಎಂಬುದು ಅವರ ವಾದದ ಸಾರ. ಕಾಂಗ್ರೆಸ್ ನೋಡಿಕೊಂಡಿತು, 51 ವರ್ಷಗಳ ನಂತರ.

ಗಮನಿಸಬೇಕಾದದ್ದು ಆ 20 ಗ್ಯಾಲನ್ನಿನ ಮಾತು. ಮನೆಮಂದಿಯ ಕಾರನ್ನು ಬಿಟ್ಟು ವ್ಯಾಪಾರದ ಬಸ್ಸು ಲಾರಿಗಳನ್ನು ಹಿಡಿಯಲು ಅರ್ಕನ್ಸಾ ಹುಡುಕಿದ ಜರಡಿ ಅದು. ಆ ಕಾಲಕ್ಕೆ ಅದು ಸಾಕಾಗಿತ್ತು. ಸಂಸಾರವನ್ನು ಹೊತ್ತ ಯಾವ ಗಾಡಿಯೂ ಬಸ್ಸಿನಷ್ಟು ದೊಡ್ಡದಿರುವುದು ಅಪರೂಪ. 1966ರಲ್ಲಿ ಅಯೋವ ರಾಜ್ಯದ ಫಾರೆಸ್ಟ್ ಸಿಟಿ ಎಂಬ ಸಣ್ಣ ಊರಿನಲ್ಲಿ ವಿನ್ನೆಬೇಗೊ ಕಂಪನಿ ಮೋಟಾರು ಮನೆಗಳನ್ನು ಕಾರಿನಂತೆ ಸಾಲಿನಲ್ಲಿ ನಿಲ್ಲಿಸಿ ತಯಾರಿಸತೊಡಗಿತು. ಮುಂದೆ ಅವು ಬೆಳೆದು, ಹಿಂಭಾಗದಲ್ಲಿ ಡೀಸೆಲ್ ಎಂಜಿನ್ ಬಂದು, ಟ್ಯಾಂಕು 100 ಗ್ಯಾಲನ್ ದಾಟಿತು. ಟ್ಯಾಂಕಿನ ಗಾತ್ರದಿಂದಾಗಲಿ, ತೂಕದಿಂದಾಗಲಿ ಸಂಸಾರವನ್ನೂ ಸರಕನ್ನೂ ಬೇರೆ ಮಾಡುವುದು ಆಮೇಲೆ ಸಾಧ್ಯವಿಲ್ಲದೆ ಹೋಯಿತು.

ಅತ್ತ ಲಾರಿಯವರ ಪಾಡು ಹೇಳತೀರದು. ಪ್ರತಿ ರಾಜ್ಯಕ್ಕೂ ಬೇರೆ ಪರವಾನಗಿ, ಬೇರೆ ಅರ್ಜಿ, ಬೇರೆ ಚೀಟಿ; ಗಾಡಿಯ ಮೈಮೇಲೆ ಚೀಟಿಗಳ ಕಂತೆ. 1983ರಲ್ಲಿ ಅರಿಜೋನ, ಅಯೋವ, ವಾಷಿಂಗ್ಟನ್ ರಾಜ್ಯಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡವು. (ಮೋಟಾರು ಮನೆಯ ತವರಾದ ಅಯೋವ ಇಲ್ಲೂ ಬಂದದ್ದು ಕಾಕತಾಳೀಯ, ಕಾರ್ಯಕಾರಣ ಸಂಬಂಧವಿದೆಯೆಂದು ನಾವು ವಾದಿಸುತ್ತಿಲ್ಲ.) ಅದೇ ಅಂತಾರಾಷ್ಟ್ರೀಯ ಇಂಧನ ತೆರಿಗೆ ಒಪ್ಪಂದ, ಆಡುಮಾತಿನಲ್ಲಿ ಇಫ್ಟಾ. 1991ರ ಸಾರಿಗೆ ಶಾಸನದಲ್ಲಿ ಕಾಂಗ್ರೆಸ್ ಇದಕ್ಕೆ ಬಲ ಕೊಟ್ಟು 1996ರ ಸೆಪ್ಟೆಂಬರ್ 30ರ ಗಡುವು ಹಾಕಿತು. ಈಗ ಅಲಾಸ್ಕ, ಹವಾಯಿಗಳನ್ನು ಬಿಟ್ಟು ಉಳಿದ 48 ರಾಜ್ಯಗಳೂ ಕೆನಡದ 10 ಪ್ರಾಂತಗಳೂ ಇದರ ಸದಸ್ಯರು.

ಲೆಕ್ಕದ ರೀತಿ ರಸಾಯನಶಾಲೆಯವರಾದ ನಮಗೆ ಬಹಳ ಹಿಡಿಸಿತು. ನಾವು ಒಂದು ಕ್ರಿಯೆಗೆ ಹಾಕಿದ ದ್ರವ್ಯವೆಷ್ಟು, ಬಂದದ್ದೆಷ್ಟು ಎಂದು ಜಮಾ ಖರ್ಚು ನೋಡುವ ಹಾಗೆಯೇ ಇದು. ಒಂದು ಲಾರಿ ಮೂರು ತಿಂಗಳಲ್ಲಿ 1,000 ಮೈಲಿ ಓಡಿತು ಎನ್ನೋಣ. 600 ಮೈಲಿ ಒಂದು ರಾಜ್ಯದಲ್ಲಿ, 400 ಇನ್ನೊಂದರಲ್ಲಿ. ಗ್ಯಾಲನ್ನಿಗೆ 5 ಮೈಲಿಯಂತೆ ಸುಟ್ಟದ್ದು 200 ಗ್ಯಾಲನ್, ಅಷ್ಟನ್ನೂ ಕೊಂಡದ್ದು ಮೊದಲ ರಾಜ್ಯದಲ್ಲಿ. ಎರಡನೆಯ ರಾಜ್ಯದಲ್ಲಿ ಸುಟ್ಟ 80 ಗ್ಯಾಲನ್ನಿನ ತೆರಿಗೆ ಅಲ್ಲಿಗೆ ಸಲ್ಲಬೇಕು, ಮೊದಲ ರಾಜ್ಯದಲ್ಲಿ ಹೆಚ್ಚಾಗಿ ಕಟ್ಟಿದ್ದು ಲಾರಿಯವನಿಗೆ ಜಮೆಯಾಗಬೇಕು. ಎಲ್ಲವೂ ಅವನ ತವರು ರಾಜ್ಯಕ್ಕೆ ಕೊಡುವ ಒಂದೇ ಲೆಕ್ಕಪತ್ರದಲ್ಲಿ ತೀರುತ್ತದೆ. ನಮ್ಮ ಪತ್ರಿಕೆಯಂತೆ ಅದೂ ತ್ರೈಮಾಸಿಕ. ಅದು ಸಮಯಕ್ಕೆ ಸರಿಯಾಗಿ ಹೊರಬೀಳುತ್ತದೆ ಎಂಬಷ್ಟೇ ವ್ಯತ್ಯಾಸ.

ಯಾರು ಈ ಲೆಕ್ಕಕ್ಕೆ ಒಳಪಟ್ಟವರು? ಎರಡು ಅಚ್ಚಿನ ಗಾಡಿಯಾದರೆ 26,000 ಪೌಂಡಿಗಿಂತ ಭಾರವಿರಬೇಕು. ಮೂರು ಅಚ್ಚಿದ್ದರೆ ತೂಕ ಎಷ್ಟಾದರೂ ಸರಿ. ಹಿಂದೆ ಇನ್ನೊಂದನ್ನು ಎಳೆಯುವುದಾದರೆ ಎರಡರ ಒಟ್ಟು ತೂಕ 26,000 ದಾಟಬೇಕು. ದೊಡ್ಡ ಮೋಟಾರು ಮನೆ ಈ ಜರಡಿಯಲ್ಲಿ ಸಿಕ್ಕಿಬೀಳುವುದು ನಿಶ್ಚಯ. ಆದರೆ ವ್ಯಾಖ್ಯೆಯ ಕೊನೆಯಲ್ಲಿ ಒಂದು ಬಾಗಿಲು ತೆರೆದಿಟ್ಟಿದ್ದಾರೆ: ಒಬ್ಬ ವ್ಯಕ್ತಿ ಕೇವಲ ಸ್ವಂತ ಸುಖಕ್ಕಾಗಿ ಬಳಸುವ ಮೋಟಾರು ಮನೆ, ಅಂಥದೇ ಬಸ್ಸು, ಬೆನ್ನಿಗೆ ಗೂಡು ಕಟ್ಟಿಕೊಂಡ ಪಿಕಪ್ ಇವು ಹೊರಗೆ. ಅವುಗಳಿಗೆ ಯಾವುದೇ ವ್ಯವಹಾರದ ಸೋಂಕು ಇರಕೂಡದು.

ಹಾಗೆಂದು ಮೋಟಾರು ಮನೆಯವನು ತೆರಿಗೆಯಿಂದಲೇ ಪಾರಾದನೆಂದಲ್ಲ. ಪಂಪಿನಲ್ಲಿ ಕಟ್ಟುತ್ತಾನೆ. ಕೇಂದ್ರದ ಪಾಲು 1993ರ ಶಾಸನದಂತೆ ಪೆಟ್ರೋಲಿಗೆ 18.4 ಸೆಂಟು, ಡೀಸೆಲಿಗೆ 24.4 ಸೆಂಟು, ಅಲ್ಲಿಂದೀಚೆಗೆ ಅದು ಏರಿಲ್ಲ. ಮೇಲೆ ರಾಜ್ಯದ ಪಾಲು. ಅವನಿಗೆ ತಪ್ಪಿದ್ದು ಹಂಚಿಕೆಯ ಲೆಕ್ಕ ಮಾತ್ರ. ಕ್ಯಾಲಿಫೋರ್ನಿಯದಂಥ ದುಬಾರಿ ರಾಜ್ಯದ ಗಡಿಗೆ ಮುನ್ನ ಟ್ಯಾಂಕು ತುಂಬಿಸಿಕೊಂಡರೆ ತೆರಿಗೆಯಲ್ಲಿ ಅವನಿಗೆ ಉಳಿತಾಯವಾಗುತ್ತದೆ, ಲಾರಿಯವನಿಗೆ ಆಗುವುದಿಲ್ಲ. ಆರೆಗಾನ್‌ನಲ್ಲಿ ಇದು ಕಣ್ಣಿಗೇ ಕಾಣುತ್ತದೆ. 1947ರ ಕಾನೂನಿನಿಂದೀಚೆಗೆ ಅಲ್ಲಿ ಭಾರದ ಲಾರಿಗಳಿಗೆ ತೂಕಕ್ಕೂ ಮೈಲಿಗೂ ಕಟ್ಟಿದ ಬೇರೆ ತೆರಿಗೆ ಇದೆ. ಅದನ್ನು ಕೊಡುವ ಲಾರಿ ಡೀಸೆಲಿಗೆ ರಾಜ್ಯದ ತೆರಿಗೆ ಕೊಡುವುದಿಲ್ಲ, ಪಕ್ಕದಲ್ಲಿ ನಿಂತ ಮೋಟಾರು ಮನೆ ಕೊಡುತ್ತದೆ.

ಇದು ನ್ಯಾಯವೆ? ರಸ್ತೆಯನ್ನು ಕೇಳಿದರೆ ಅಲ್ಲವೆಂದೇ ಹೇಳೀತು. 1958ರಿಂದ 1960ರವರೆಗೆ ಇಲಿನಾಯ್ ರಾಜ್ಯದ ಒಟ್ಟಾವ ಊರಿನ ಬಳಿ ಹಾದಿಗಳನ್ನು ಕಟ್ಟಿ, ಲಾರಿಗಳನ್ನು ಹಗಲಿರುಳು ಓಡಿಸಿ, ಅವು ಹಾಳಾಗುವುದನ್ನು ಅಳೆದರು. ಅಚ್ಚಿನ ಭಾರ ಏರಿದಂತೆ ಹಾನಿ ಸುಮಾರು ಅದರ ನಾಲ್ಕನೆಯ ಘಾತದಲ್ಲಿ ಏರುತ್ತದೆಂದು ಆ ಪರೀಕ್ಷೆಯಿಂದ ತಿಳಿಯಿತು. 2,000 ಪೌಂಡಿನ ಕಾರಿನ ಅಚ್ಚಿಗೂ 20,000 ಪೌಂಡಿನ ಅಚ್ಚಿಗೂ ಭಾರದಲ್ಲಿ ಹತ್ತು ಪಟ್ಟು, ಹಾನಿಯಲ್ಲಿ ಹತ್ತು ಸಾವಿರ ಪಟ್ಟು. ಮೇಲೆ ಕುಳಿತವನು ಮೊಮ್ಮಕ್ಕಳನ್ನು ನೋಡಲು ಹೊರಟಿದ್ದಾನೋ, ಆಲೂಗೆಡ್ಡೆ ಸಾಗಿಸುತ್ತಿದ್ದಾನೋ ಡಾಂಬರಿಗೆ ತಿಳಿಯದು. ಆದರೂ ಈ ವಿನಾಯಿತಿ ಸರಿಯೆಂದೇ ನಮ್ಮ ಅಭಿಪ್ರಾಯ. ದೂರ ಓಡುವ ಲಾರಿ ವರ್ಷಕ್ಕೆ ಲಕ್ಷ ಮೈಲಿ ಓಡುವುದು ಅಪರೂಪವಲ್ಲ. ಮೋಟಾರು ಮನೆ ಓಡುವುದು ಕೆಲವು ಸಾವಿರ, ಮಿಕ್ಕ ದಿನ ಅಂಗಳದಲ್ಲಿ ನಿದ್ದೆ. ಅದರ ಗ್ಯಾಲನ್ನುಗಳನ್ನು ಹತ್ತಾರು ರಾಜ್ಯಗಳಿಗೆ ಹಂಚಿ, ತನಿಖೆ ಮಾಡಿ, ಎಂಟಾಣೆ ವಸೂಲಿಗೆ ಒಂದು ರೂಪಾಯಿ ಖರ್ಚು ಮಾಡುವುದು ಜಾಣತನವಲ್ಲ.

ಸುಖವನ್ನು ವಿಚಾರಿಸದ ಇನ್ನೊಬ್ಬ ಸುಂಕದವನೂ ಇದ್ದಾನೆ. ಅವನ ಆಯುಧ ರಸಾಯನಶಾಸ್ತ್ರ. ಹೊಲದ ಟ್ರ್ಯಾಕ್ಟರಿಗೂ ಮನೆ ಕಾಯಿಸುವ ಒಲೆಗೂ ಬಳಸುವ ಡೀಸೆಲಿಗೆ ರಸ್ತೆ ತೆರಿಗೆ ಇಲ್ಲ. ಎಣ್ಣೆ ಒಂದೇ, ಬೆಲೆ ಎರಡು. ಮೋಸಕ್ಕೆ ಇಷ್ಟು ಸಾಕು. 1994ರ ಜನವರಿ 1ರಿಂದ ತೆರಿಗೆಯಿಲ್ಲದ ಡೀಸೆಲನ್ನು ಕೆಂಪಾಗಿಸುತ್ತಿದ್ದಾರೆ. ಸಾಲ್ವೆಂಟ್ ರೆಡ್ 164 ಎಂಬುದು ಆ ಬಣ್ಣ. ಅದರ ಅಣುವಿನಲ್ಲಿ ಎರಡು ಅಜೊ ಬಂಧಗಳು ಕೆಂಪನ್ನು ಕೊಡುತ್ತವೆ. ಪಕ್ಕಕ್ಕೆ ತಗುಲಿಸಿದ ಹೈಡ್ರೊಕಾರ್ಬನ್ ಬಾಲಗಳು ಅದನ್ನು ಎಣ್ಣೆಯಲ್ಲಿ ಚೆನ್ನಾಗಿ ಕರಗಿಸುತ್ತವೆ. ತನಿಖೆಯವರು ಟ್ಯಾಂಕಿನಿಂದ ಸ್ವಲ್ಪ ತೆಗೆದು ನೋಡುತ್ತಾರೆ. ದೊಡ್ಡ ಮೋಟಾರು ಮನೆಗಳಲ್ಲಿ ದೀಪಕ್ಕೂ ತಂಪಿಗೂ ವಿದ್ಯುತ್ತು ಕೊಡುವ ಜನರೇಟರು ಬಹುಮಟ್ಟಿಗೆ ಎಂಜಿನ್ನಿನ ಟ್ಯಾಂಕಿನಿಂದಲೇ ಕುಡಿಯುತ್ತದೆ. ಜನರೇಟರಿಗೆಂದು ಅಗ್ಗದ ಕೆಂಪು ಡೀಸೆಲ್ ಹಾಕಿದೆ ಎಂಬ ಸಬೂಬು ಅಲ್ಲಿ ನಡೆಯದು. ಗ್ಯಾಲನ್ನಿಗೆ 10 ಡಾಲರು ಇಲ್ಲವೆ 1,000 ಡಾಲರು, ಯಾವುದು ಹೆಚ್ಚೋ ಅದು ದಂಡ.

ಬಣ್ಣದ ಈ ಉಪಾಯ ನಮಗೆ ಹೊಸದಲ್ಲ. ನ್ಯಾಯಬೆಲೆ ಅಂಗಡಿಯ ನೀಲಿ ಸೀಮೆಎಣ್ಣೆಯನ್ನು ಡಬ್ಬದಲ್ಲಿ ತಂದವರು ನಮ್ಮಲ್ಲಿ ಅನೇಕರು. ಬಡವರ ದೀಪಕ್ಕೆಂದು ಅಗ್ಗವಾಗಿ ಕೊಟ್ಟದ್ದು ಲಾರಿಗಳ ಡೀಸೆಲಿನಲ್ಲಿ ಬೆರೆಯಬಾರದೆಂದು ಆ ನೀಲಿ. ಬಣ್ಣ ಹಾಕುವುದು ಸುಲಭ, ಕಾಯುವುದು ಕಷ್ಟ. ಕೋಲಾರದ ಚಿನ್ನದ ಗಣಿಯಲ್ಲಿ ಬೆಳೆದು, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಇಂಡಿಯನ್ ಆಯಿಲ್ ಕಂಪನಿಯಲ್ಲಿ ಅಧಿಕಾರಿಯಾಗಿದ್ದ ಷಣ್ಮುಗಂ ಮಂಜುನಾಥ್, ಕಲಬೆರಕೆಗಾಗಿ ಪಂಪೊಂದಕ್ಕೆ ಬೀಗಮುದ್ರೆ ಹಾಕಿಸಿದ ಕಾರಣಕ್ಕೆ 2005ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಗುಂಡೇಟಿಗೆ ಬಲಿಯಾದರು. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ.

ಇನ್ನು ನಮ್ಮ ಹಿರಿಯರಿಗೆ ಬೇಕಾದ ಮಾತು. ಸಮ್ಮೇಳನಕ್ಕೆ ಮೋಟಾರು ಮನೆಯಲ್ಲಿ ಹೋಗಿ, ಹೋಳಿಗೆ ತಿಂದು, ಸಂಗೀತ ಕೇಳಿ ಬಂದರೆ ಅದು ಸುಖ. ಯಾವ ಲೆಕ್ಕವೂ ಬೇಡ. ಅದೇ ಗಾಡಿಯಲ್ಲಿ ಸೀರೆಗಳ ಗಂಟನ್ನೋ, ಚಕ್ಕುಲಿ ಕೋಡುಬಳೆಗಳ ಡಬ್ಬಗಳನ್ನೋ ತುಂಬಿಕೊಂಡು ಹೋಗಿ ಮಳಿಗೆ ಹಾಕಿದರೆ ವ್ಯವಹಾರದ ಸೋಂಕು ತಗುಲಿದಂತೆ. ಗಾಡಿಯ ಖರ್ಚನ್ನು ವ್ಯಾಪಾರದ ಖರ್ಚೆಂದು ಆದಾಯ ತೆರಿಗೆಯಲ್ಲಿ ತೋರಿಸಿ, ರಸ್ತೆಯಲ್ಲಿ ಮಾತ್ರ ಸುಖಪ್ರಯಾಣ ಎನ್ನುವುದಂತೂ ಎರಡು ದೋಣಿಯಲ್ಲಿ ಕಾಲಿಟ್ಟ ಹಾಗೆ. ವರ್ಷಕ್ಕೊಮ್ಮೆ ಮಾತ್ರ ಹಾಗೆ ಹೋಗುವವರು ತಾತ್ಕಾಲಿಕ ಪರವಾನಗಿಯಿಂದ ಕೆಲಸ ನಡೆಸಬಹುದು. ಸಂಶಯವಿದ್ದವರು ಗಾಡಿ ನೋಂದಾಯಿಸಿದ ರಾಜ್ಯದ ತೆರಿಗೆ ಕಛೇರಿಗೆ ಮೊದಲೇ ಪತ್ರ ಬರೆದು, ಬಂದ ಉತ್ತರವನ್ನು ಗಾಡಿಯ ಕಾಗದಪತ್ರಗಳ ಜೊತೆಗೇ ಇಟ್ಟುಕೊಳ್ಳುವುದು ಲೇಸು.