ಕರ್ನಲ್ ಟ್ರೇಸಿಂಗ್: 'ಎನೇಬಲ್' ಫೈಲು ತಪ್ಪು ಸ್ಥಿತಿ ತೋರಿಸಿದರೆ

ವಾಸ್ಕೋ, ಮಡಗಾಂವ, ಪೋಂಡಾ, ಕಾರವಾರ, ಬೆಳಗಾವಿ ಕಡೆಯ ನಮ್ಮ ಸದಸ್ಯರ ಮನೆಗಳಲ್ಲಿ ಎಂಜಿನಿಯರಿಂಗ್ ಓದುವ ಮಕ್ಕಳಿದ್ದಾರೆ, ಸರ್ವರ್ ನೋಡಿಕೊಳ್ಳುವವರೂ ಇದ್ದಾರೆ. ಅವರಿಗೆ ಉಪಯೋಗವಾಗಲೆಂದು ಈ ಮಾಹಿತಿಯನ್ನು ಕನ್ನಡದಲ್ಲಿ ಕೊಡುತ್ತಿದ್ದೇವೆ.

ಲಿನಕ್ಸ್ ಕರ್ನಲ್ ಒಳಗೆ ಏನು ನಡೆಯುತ್ತಿದೆ ಎಂದು ದಾಖಲಿಸುವ ವ್ಯವಸ್ಥೆ ಎಫ್‌ಟ್ರೇಸ್. ಸ್ಟೀವನ್ ರೋಸ್ಟೆಡ್ ಅವರು ರೂಪಿಸಿದ ಇದು 2008ರ ಅಕ್ಟೋಬರಿನಲ್ಲಿ ಹೊರಬಂದ 2.6.27 ಆವೃತ್ತಿಯಲ್ಲಿ ಸೇರಿತು. ಇಲ್ಲಿ ಪ್ರತಿಯೊಂದು ಘಟನೆಗೂ ಒಂದು ಫೋಲ್ಡರ್, ಅದರಲ್ಲಿ 'ಎನೇಬಲ್' ಎಂಬ ಫೈಲು. 1 ಬರೆದರೆ ದಾಖಲೆ ಶುರು, 0 ಬರೆದರೆ ನಿಲುಗಡೆ. ಅದೇ ಫೈಲನ್ನು ಓದಿದರೆ ಈಗಿನ ಸ್ಥಿತಿ ತಿಳಿಯುತ್ತದೆ.

ತೊಡಕು ಇರುವುದು ಓದುವಲ್ಲಿ. 'ಒಂದು ಘಟನೆ ನಡೆದಾಗ ಇನ್ನೊಂದರ ದಾಖಲೆ ಶುರು ಮಾಡು' ಎಂದು ಟ್ರಿಗರ್ ಹಾಕಬಹುದು. ಆದರೆ ಟ್ರಿಗರ್ ಹಾರುವ ಆ ಕ್ಷಣದಲ್ಲಿ ಹೊಸದಾಗಿ ನೋಂದಣಿ ಮಾಡಲು ಬರುವುದಿಲ್ಲ. ಆ ಕೆಲಸಕ್ಕೆ ಬೀಗ ಬೇಕು, ಕಾಯಬೇಕು. ಹಾಗಾಗಿ ಕರ್ನಲ್ ಮೊದಲೇ ನೋಂದಣಿ ಮಾಡಿ, ಬರೆಯುವುದನ್ನು ಮಾತ್ರ ತಡೆದಿಟ್ಟಿರುತ್ತದೆ. ಗೋವಾದಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಅರ್ಧ ಶಟರ್ ಎಳೆದ ಅಂಗಡಿಯ ಹಾಗೆ: ಮಾಲೀಕರು ಒಳಗೇ ಇದ್ದಾರೆ, ವ್ಯಾಪಾರ ಇಲ್ಲ. ಈ ಸ್ಥಿತಿಗೆ ಫೈಲು 0* ಎನ್ನಬೇಕು. ಟ್ರಿಗರ್ ಹಾರಿದ ಮೇಲೆ 1* ಎನ್ನಬೇಕು.

ಒಳಗಡೆ ಇದಕ್ಕೆ ಮೂರು ಗುರುತುಗಳಿವೆ: ನೋಂದಣಿ ಆಗಿದೆಯೇ, ಟ್ರಿಗರ್ ಹಿಡಿತದಲ್ಲಿದೆಯೇ, ಬರೆಯುವುದು ತಡೆಯಲ್ಲಿದೆಯೇ. ಓದುವ ಕೋಡು ಮೊದಲನೆಯದನ್ನಷ್ಟೇ ನೋಡಿದರೆ, ಒಂದು ಸಾಲೂ ದಾಖಲಾಗದ ಘಟನೆಗೂ 1 ಎಂದು ಹೇಳಿಬಿಡುತ್ತದೆ. ನೀವು ಖಾಲಿ ದಾಖಲೆಯನ್ನು ಹಿಡಿದು ಬೇರೆಲ್ಲೋ ದೋಷ ಹುಡುಕುತ್ತ ಕೂರುತ್ತೀರಿ. ನಕ್ಷತ್ರ ಬಿಟ್ಟು ಬರೀ 0 ತೋರಿಸಿದರೂ ತಪ್ಪೇ. ನೋಂದಣಿಯಾದ ಘಟನೆ ಬರೆಯದಿದ್ದರೂ ಪ್ರತಿಸಲ ಸ್ವಲ್ಪ ಸಮಯ ತಿನ್ನುತ್ತದೆ.

ಸರಿಪಡಿಸುವ ಕ್ರಮ ಚಿಕ್ಕದು. ಬೀಗ ಹಾಕಿ ಗುರುತುಗಳನ್ನು ಒಮ್ಮೆಗೇ ನಕಲು ಮಾಡಿಕೊಳ್ಳಿ, ಬೀಗ ತೆಗೆಯಿರಿ, ಆಮೇಲೆ ಆ ನಕಲಿನಿಂದ ಮಾತ್ರ ನಿರ್ಧರಿಸಿ. ನೋಂದಣಿಯಾಗಿ ತಡೆ ಇಲ್ಲದಿದ್ದರೆ 1, ಇಲ್ಲವಾದರೆ 0. ಉಳಿದೆರಡು ಗುರುತುಗಳಲ್ಲಿ ಯಾವುದಾದರೂ ಇದ್ದರೆ ಕೊನೆಗೆ ನಕ್ಷತ್ರ. ನಡುವೆ ಮತ್ತೆ ಮತ್ತೆ ಮೂಲ ಗುರುತನ್ನೇ ಓದಿದರೆ ಅಷ್ಟರಲ್ಲಿ ಅದು ಬದಲಾಗಿರಬಹುದು.

ಗುಂಪಿನ ಫೋಲ್ಡರಿನ 'ಎನೇಬಲ್' ಬೇರೆ ಲೆಕ್ಕ. ಎಲ್ಲ ನಿಂತಿದ್ದರೆ 0, ಎಲ್ಲ ನಡೆಯುತ್ತಿದ್ದರೆ 1, ಬೆರಕೆಯಾದರೆ ಎಕ್ಸ್, ಸಂಬಂಧಪಟ್ಟ ಘಟನೆಯೇ ಇಲ್ಲದಿದ್ದರೆ ಪ್ರಶ್ನಾರ್ಥಕ ಚಿಹ್ನೆ. ಎರಡೇ ಬಿಟ್‌ಗಳಲ್ಲಿ ಇದನ್ನು ಮುಗಿಸಿದ್ದಾರೆ, ನಮಗೆ ಬಹಳ ಇಷ್ಟವಾದ ಕೋಡು. ಆದರೆ ಇಲ್ಲಿ ನಕ್ಷತ್ರ ಇಲ್ಲ. ಆದ್ದರಿಂದ ಟ್ರಿಗರ್ ಬಳಸುವವರು ಗುಂಪಿನ ಉತ್ತರವನ್ನು ನಂಬದೆ ಆಯಾ ಘಟನೆಯ ಫೈಲನ್ನೇ ನೋಡಬೇಕು.

ತಿದ್ದುಪಡಿ ಕಳಿಸುವ ಉತ್ಸಾಹಿಗಳು ಮೊದಲು ಕರ್ನಲ್ ಜೊತೆಗೇ ಬರುವ ಎಫ್‌ಟ್ರೇಸ್ ಸೆಲ್ಫ್‌ಟೆಸ್ಟ್‌ಗಳನ್ನು ಓಡಿಸಿ. ಪ್ಯಾಚಿನಲ್ಲಿ 'ಫಿಕ್ಸಸ್' ಸಾಲು ಹಾಕಿ, ದೋಷ ತಂದ ಕಮಿಟ್ಟಿನ ಮೊದಲ 12 ಅಕ್ಷರಗಳನ್ನು ಅದರಲ್ಲಿ ಬರೆಯಿರಿ. ಹಳೆಯ ಆವೃತ್ತಿ ನೋಡಿಕೊಳ್ಳುವವರು ಎಲ್ಲಿಯವರೆಗೆ ಹಿಂದಕ್ಕೆ ಒಯ್ಯಬೇಕೆಂದು ಅದರಿಂದಲೇ ತಿಳಿಯುತ್ತಾರೆ. ಕೆಳಗೆ ನಿಮ್ಮ ಹೆಸರಿನ 'ಸೈನ್ಡ್ ಆಫ್ ಬೈ' ಸಾಲು ಇಲ್ಲದಿದ್ದರೆ ಪ್ಯಾಚನ್ನು ತೆಗೆದುಕೊಳ್ಳುವುದಿಲ್ಲ.