ಕುರುಬೂರಿನ ಚೈತ್ರಾ ಮತ್ತು ನಮ್ಮ ಖೋ-ಖೋ ಅಂಗಳ



2025ರ ಜನವರಿ 19, ಭಾನುವಾರ. ದೆಹಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ಪ್ರಥಮ ಖೋ-ಖೋ ವಿಶ್ವಕಪ್‌ನ ಮಹಿಳೆಯರ ಅಂತಿಮ ಪಂದ್ಯ ನಡೆಯಿತು. ಭಾರತವು ನೇಪಾಳವನ್ನು 78-40 ಅಂಕಗಳಿಂದ ಸೋಲಿಸಿತು. ಪಂದ್ಯದ ಶ್ರೇಷ್ಠ ಆಟಗಾರ್ತಿ ಎಂಬ ಗೌರವ ಪಡೆದವಳು ಬಿ. ಚೈತ್ರಾ. ಅವಳು ನಮ್ಮ ನೆರೆಯ ತಿ. ನರಸೀಪುರ ತಾಲೂಕಿನ ಕುರುಬೂರಿನ ರೈತಾಪಿ ಮನೆಯ ಮಗಳು. ಅದುವರೆಗೆ ಕುರುಬೂರು ಎಂದೊಡನೆ ನನ್ನ ನೆನಪಿಗೆ ಬರುತ್ತಿದ್ದುದು ಕಬ್ಬು ಬೆಳೆಗಾರರ ನಾಯಕ ಕುರುಬೂರು ಶಾಂತಕುಮಾರ್ ಅವರ ಹೆಸರು ಮಾತ್ರ. ಈಗ ಆ ಊರಿಗೆ ಮತ್ತೊಂದು ಗುರುತು ದೊರೆತಿದೆ.

ಕವಲಂದೆಯವಳಾದ ನನಗೆ ಈ ಸುದ್ದಿ ಬರಿಯ ಹೆಮ್ಮೆಯನ್ನಷ್ಟೇ ತರಲಿಲ್ಲ, ಒಂದು ಹಳೆಯ ಋಣವನ್ನೂ ನೆನಪಿಸಿತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಸಮಾಜ ವಿಜ್ಞಾನದ ಶಿಕ್ಷಕಿಯಾಗಿದ್ದವಳು ಮೊದಲು ಇತಿಹಾಸ ಹೇಳದೆ ಬಿಡುವಳೇ?

ಖೋ-ಖೋ ನಮ್ಮ ನೆಲದ ಹಳೆಯ ಆಟವೇ ಆದರೂ ಅದಕ್ಕೆ ಲಿಖಿತ ನಿಯಮಗಳು ದೊರೆತದ್ದು ಇಪ್ಪತ್ತನೆಯ ಶತಮಾನದಲ್ಲಿ. 1914ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾ ಮೊದಲ ನಿಯಮಾವಳಿಯನ್ನು ರೂಪಿಸಿತು. ಮೊದಲ ರಾಷ್ಟ್ರೀಯ ಪಂದ್ಯಾವಳಿ 1959-60ರಲ್ಲಿ ವಿಜಯವಾಡದಲ್ಲಿ ನಡೆದಾಗ ಅದು ಪುರುಷರಿಗಷ್ಟೇ ಮೀಸಲಾಗಿತ್ತು. ಮರುವರ್ಷ ಕೊಲ್ಹಾಪುರದಲ್ಲಿ ಮಹಿಳೆಯರಿಗೂ ಅಂಗಳ ತೆರೆಯಿತು. ಶ್ರೇಷ್ಠ ಆಟಗಾರರಿಗೆ ಏಕಲವ್ಯನ ಹೆಸರಿನಲ್ಲಿಯೂ ಆಟಗಾರ್ತಿಯರಿಗೆ ರಾಣಿ ಲಕ್ಷ್ಮೀಬಾಯಿಯ ಹೆಸರಿನಲ್ಲಿಯೂ ಪ್ರಶಸ್ತಿ ನೀಡುವ ಪದ್ಧತಿ ಬೆಳೆಯಿತು. 1971ರಲ್ಲಿ ಅಚಲಾ ದೇವರೆ ಅವರಿಗೆ ಅರ್ಜುನ ಪ್ರಶಸ್ತಿ ಸಂದಿತು. 1998ರಲ್ಲಿ ಶೋಭಾ ನಾರಾಯಣ್ ಅವರಿಗೆ ಅದು ದೊರೆತ ಮೇಲೆ ಮಾತ್ರ ಇಪ್ಪತ್ತೆರಡು ವರ್ಷ ಖೋ-ಖೋ ಆಡುವವರಾರಿಗೂ ಅರ್ಜುನ ಪ್ರಶಸ್ತಿ ಬರಲಿಲ್ಲ. 2020ರಲ್ಲಿ ಮಹಾರಾಷ್ಟ್ರದ ಸಾರಿಕಾ ಕಾಳೆ ಆ ಬರವನ್ನು ಮುರಿದರು. ಈ ನಡುವೆ, 2016ರ ಗುವಾಹಟಿಯ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಖೋ-ಖೋ ಪದಕದ ಆಟವಾಗಿತ್ತು. ಎರಡೂ ಚಿನ್ನ ಭಾರತಕ್ಕೇ ಬಂದಿದ್ದವು.

ವಿಶ್ವಕಪ್‌ನ ಮಹಿಳಾ ವಿಭಾಗದಲ್ಲಿ 19 ತಂಡಗಳು ಭಾಗವಹಿಸಿದ್ದವು. ಪ್ರಿಯಾಂಕಾ ಇಂಗಳೆ ನಾಯಕತ್ವದ ನಮ್ಮ ತಂಡ ದಕ್ಷಿಣ ಕೊರಿಯಾವನ್ನು 175-18ರಿಂದ, ಇರಾನನ್ನು 100-16ರಿಂದ, ಮಲೇಷ್ಯಾವನ್ನು 100-20ರಿಂದ ಸೋಲಿಸಿತು. ಕ್ವಾರ್ಟರ್ ಫೈನಲ್‌ನಲ್ಲಿ ಬಾಂಗ್ಲಾದೇಶ 109-16ರಿಂದಲೂ ಸೆಮಿಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ 66-16ರಿಂದಲೂ ಸೋತವು.

ನಮ್ಮ ಕಾಲದ ಆಟದಲ್ಲಿ ಎಂಟು ಮಂದಿ ಸಾಲಾಗಿ, ಒಬ್ಬರು ಆಚೆಗೆ ಒಬ್ಬರು ಈಚೆಗೆ ಮುಖ ಮಾಡಿ ಕೂರುತ್ತಿದ್ದರು, ಒಂಬತ್ತನೆಯವಳು ಬೆನ್ನಟ್ಟುತ್ತಿದ್ದಳು. ವಿಶ್ವಕಪ್‌ನಲ್ಲಿ ಅಂಗಳದಲ್ಲಿದ್ದವರು ಏಳೇ ಮಂದಿ. ಮಣ್ಣಿನ ಬದಲು ಮ್ಯಾಟ್. ಆದರೆ ಸಾರ ಬದಲಾಗಿಲ್ಲ. ಬೆನ್ನಟ್ಟುವವಳು ಹೊರಟ ದಿಕ್ಕಿನಿಂದ ಹಿಂದಿರುಗುವಂತಿಲ್ಲ, ನಡುಗೆರೆಯನ್ನು ದಾಟುವಂತಿಲ್ಲ. ಓಡುವವಳಿಗೆ ಆ ಕಟ್ಟಿಲ್ಲ. ಕುಳಿತವರ ನಡುವೆ ನುಸುಳಿ ಆಚೆ ಹೋಗಬಲ್ಲಳು. ಓಡುವವರು ಮೂರು ಮೂರು ಮಂದಿಯಾಗಿ ಅಂಗಳಕ್ಕಿಳಿಯುತ್ತಾರೆ. ಒಂದೇ ತಂಡ ನಿಗದಿತ ಅವಧಿಯನ್ನು ಮೀರಿ ಔಟಾಗದೆ ಉಳಿದರೆ ಹೆಚ್ಚುವರಿ ಅಂಕಗಳು ಸಲ್ಲುತ್ತವೆ. ಇದಕ್ಕೆ 'ಡ್ರೀಮ್ ರನ್' ಎಂದು ಹೆಸರು.

ಅಂತಿಮ ಪಂದ್ಯದ ಮೂರನೆಯ ಸರದಿ ಮುಗಿದಾಗ ಭಾರತ 73-24ರಿಂದ ಮುಂದಿತ್ತು. ಕೊನೆಯ ಸರದಿಯಲ್ಲಿ ಓಡಬೇಕಾದವರು ನಮ್ಮವರು. ಚೈತ್ರಾ ಇದ್ದ ತಂಡ 5 ನಿಮಿಷ 14 ಸೆಕೆಂಡು ಅಂಗಳದಲ್ಲಿ ಉಳಿಯಿತು. ಸರದಿಯ ಒಟ್ಟು ಅವಧಿಯೇ ಏಳು ನಿಮಿಷ! ಅದರಿಂದ ಬಂದ ಐದು ಅಂಕಗಳೊಡನೆ ಮೊತ್ತ 78 ಆಯಿತು. ಒಮ್ಮೆ ನಿಮ್ಮ ಗಡಿಯಾರ ನೋಡಿಕೊಂಡು ಐದು ನಿಮಿಷ ತಿರುತಿರುಗಿ ಓಡಿ ನೋಡಿ; ಆಗ ಅದರ ಬೆಲೆ ತಿಳಿಯುತ್ತದೆ.

ಗೆದ್ದು ಬಂದ ಮೇಲಿನ ಸಂಗತಿಯನ್ನೂ ದಾಖಲಿಸಬೇಕು. ಪುರುಷರ ವಿಭಾಗದಲ್ಲಿಯೂ ಭಾರತ ನೇಪಾಳವನ್ನು 54-36ರಿಂದ ಗೆದ್ದಿತ್ತು. ಆ ತಂಡದಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಇದ್ದರು. ರಾಜ್ಯ ಸರ್ಕಾರ ಇಬ್ಬರಿಗೂ ತಲಾ 5 ಲಕ್ಷ ರೂಪಾಯಿ ಬಹುಮಾನ ಪ್ರಕಟಿಸಿತು. ಅವರು ಅದನ್ನು ಒಪ್ಪಲಿಲ್ಲ. ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿ ರೂಪಾಯಿಯನ್ನೂ ಸರ್ಕಾರಿ ಉದ್ಯೋಗವನ್ನೂ ನೀಡುತ್ತಿರುವುದನ್ನು ಎತ್ತಿ ತೋರಿಸಿದರು. ಕೊಟ್ಟದ್ದನ್ನು ನಿರಾಕರಿಸುವುದು ಸರಿಯೇ ಎಂದು ಕೆಲವರು ನನ್ನನ್ನು ಕೇಳಿದರು. ನನಗೆ ಅದರಲ್ಲಿ ದುರಾಸೆ ಕಾಣಲಿಲ್ಲ. ಹಳ್ಳಿಯ ತಂದೆತಾಯಿಗಳು ಮಗಳನ್ನು ಅಂಗಳಕ್ಕೆ ಕಳುಹಿಸುವ ಮುನ್ನ ಕೇಳುವುದು ಒಂದೇ ಪ್ರಶ್ನೆ: "ಆಡಿ ಏನಾಗಬೇಕು?" ಅದಕ್ಕೆ ಉತ್ತರವನ್ನು ಆ ಹುಡುಗಿಯೊಬ್ಬಳೇ ಕೊಡಲಾಗದು, ನಾಡೂ ಕೊಡಬೇಕು.

ಈ ಪ್ರಶ್ನೆ ನನಗೆ ಹೊಸದಲ್ಲ. ಈಗ ನನ್ನ ಋಣದ ಮಾತು. ತೊಂಬತ್ತರ ದಶಕದ ಆರಂಭದಲ್ಲಿ ನಮ್ಮ ಶಾಲೆಯ ಹೆಣ್ಣುಮಕ್ಕಳ ಖೋ-ಖೋ ತಂಡವನ್ನು ಕವಲಂದೆ ನಿಲ್ದಾಣದಲ್ಲಿ ಮೀಟರ್‌ಗೇಜ್ ರೈಲು ಹತ್ತಿಸಿ ನಂಜನಗೂಡಿಗೆ ಕರೆದೊಯ್ಯುವ ಹೊಣೆ ನನಗೆ ಬಿತ್ತು. ಆಟದ ನಿಯಮ ನನಗೆ ಅಷ್ಟಾಗಿ ತಿಳಿಯದು. ಹೆಣ್ಣುಮಕ್ಕಳ ಜೊತೆಗೆ ಶಿಕ್ಷಕಿಯೊಬ್ಬರು ಇರಲೇಬೇಕೆಂದು ಹೋದವಳು ನಾನು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಆ ದಿನ ಓಡಿದ ರೀತಿಯನ್ನು ನಾನು ಮರೆತಿಲ್ಲ. ಕಂಬದ ಬಳಿ ಸಿಕ್ಕಳು ಎನ್ನುವಷ್ಟರಲ್ಲಿ ಮೈ ಬಾಗಿಸಿ ಜಾರಿಬಿಡುತ್ತಿದ್ದಳು. ಜಿಲ್ಲಾ ಮಟ್ಟಕ್ಕೆ ಆಯ್ಕೆಯಾದಳು. ಮರಳುವಾಗ ದಾರಿಯುದ್ದಕ್ಕೂ, "ಮಿಸ್, ಮೈಸೂರಿಗೂ ನೀವೇ ಬರ್ತೀರಾ?" ಎಂದು ಕೇಳುತ್ತಲೇ ಇದ್ದಳು. ಬರುತ್ತೇನೆ ಎಂದೆ.

ಮುಂದಿನ ವಾರದಿಂದ ಅವಳು ಶಾಲೆಗೆ ಬರಲಿಲ್ಲ. ಮದುವೆ ಗೊತ್ತಾಗಿದೆ ಎಂದು ಗೆಳತಿಯರು ಹೇಳಿದರು. ಅವಳ ಮನೆ ಶಾಲೆಯಿಂದ ಹತ್ತು ನಿಮಿಷದ ನಡಿಗೆ. ಹೋಗಿ ತಂದೆಯವರೊಡನೆ ಒಂದು ಮಾತು ಆಡಬಹುದಿತ್ತು. "ಅವರ ಮನೆಯ ವಿಚಾರ ನಮಗೇಕೆ" ಎಂದುಕೊಂಡು ಸುಮ್ಮನಾದೆ. ಹೋಗಿದ್ದರೆ ಅವರು ಕೇಳುತ್ತಿದ್ದರೋ ಇಲ್ಲವೋ. ಆದರೆ ನಾನು ಹೋಗಲಿಲ್ಲ ಎಂಬುದಂತೂ ನಿಜ.

ಖೋ-ಖೋದಲ್ಲಿ ಕುಳಿತವಳು ತಾನಾಗಿ ಏಳುವಂತಿಲ್ಲ. ಹಿಂದಿನಿಂದ ಯಾರಾದರೂ ಬೆನ್ನು ಮುಟ್ಟಿ 'ಖೋ' ಎನ್ನಬೇಕು. ಚೈತ್ರಾಳ ಬೆನ್ನು ಮುಟ್ಟಲು ಅವಳ ಊರಿನಲ್ಲಿ ಹಿರಿಯರೂ ಗುರುಗಳೂ ಇದ್ದರು. ನನ್ನ ವಿದ್ಯಾರ್ಥಿನಿಯ ಹಿಂದೆ ಅಂದು ನಾನಿದ್ದೆ, 'ಖೋ' ಎನ್ನಲಿಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ತಂದೆತಾಯಿಗಳು, ಕೆಲವರು ಶಿಕ್ಷಕರು. ನಿಮ್ಮ ಮನೆಯಲ್ಲಿಯೋ ತರಗತಿಯಲ್ಲಿಯೋ ಓಡುವ ಹುಡುಗಿಯೊಬ್ಬಳಿದ್ದರೆ ಅವಳು ಅರ್ಧಕ್ಕೆ ನಿಲ್ಲದಂತೆ ನೋಡಿಕೊಳ್ಳಿ. ಯಾರ ಮನೆಗಾದರೂ ಹೋಗಿ ಮಾತನಾಡಬೇಕಾಗಿದ್ದರೆ ಹೋಗಿ ಮಾತನಾಡಿ. ಜೊತೆಗೆ ಒಬ್ಬ ಹಿರಿಯರು ಬೇಕೆನಿಸಿದರೆ ನನಗೆ ತಿಳಿಸಿ, ಈ ಬಾರಿ ಖಂಡಿತ ಬರುತ್ತೇನೆ.